ಕೋವಿಗೆ ನಂಬರು ಇದ್ದರೆ ಕೊಲೆ ಕಮ್ಮಿ ಆಗುತ್ತಾ?

ನಮ್ಮೂರಲ್ಲಿ ತೋಟ ಇರುವ ಕೆಲವರ ಮನೆಯಲ್ಲಿ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿರುತ್ತಾರೆ. ನಮ್ಮ ಅಜ್ಜನ ಹತ್ತಿರವೂ ಒಂದು ಇದೆ, ಒಂಟಿ ನಳಿಗೆಯದು. ಅದರ ಮೇಲೆ ಕೊರೆದಿರುವ ನಂಬರೇ ಲೈಸೆನ್ಸ್ ಪುಸ್ತಕದಲ್ಲೂ ಸರ್ಕಾರದ ರಿಜಿಸ್ಟರಿನಲ್ಲೂ ಇದೆ. ಎಲೆಕ್ಷನ್ ಬಂದಾಗ ಅದನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಹೋದ ಸಲ ವಾಪಸ್ ತರುವಷ್ಟರಲ್ಲಿ ಮಂಗಗಳು ತೋಟದಲ್ಲಿ ಒಂದು ಬಾಳೆಗೊನೆಯನ್ನೂ ಬಿಟ್ಟಿರಲಿಲ್ಲ. ಅಜ್ಜನಿಗೆ ಸಿಟ್ಟು ಬಂತು. "ಲೆಕ್ಕದಲ್ಲಿರೋ ಕೋವಿ ಇಸ್ಕೊಂಡ್ರು. ಲೆಕ್ಕದಲ್ಲಿಲ್ಲದ್ದನ್ನ ಯಾರು ಇಸ್ಕೋತಾರೆ?" ಅಂದರು.

ಅಜ್ಜ ಹೇಳಿದ್ದರಲ್ಲಿ ಹುರುಳಿದೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. (ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಜಮೀನಿನವರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಈಗಿನದು 2029ರವರೆಗೆ.) 2019ರಲ್ಲಿ ಕಾಯ್ದೆ ಬಿಗಿ ಮಾಡಿ, ಒಬ್ಬರಿಗೆ ಮೂರು ಕೋವಿ ಇದ್ದದ್ದನ್ನು ಎರಡಕ್ಕೆ ಇಳಿಸಿದರು. ಆದರೂ ಸರ್ಕಾರದ ಅಪರಾಧ ಲೆಕ್ಕ ನೋಡಿದರೆ, ಗುಂಡು ಹೊಡೆದು ಮಾಡಿದ ಕೊಲೆಗಳಲ್ಲಿ ಹೆಚ್ಚಿನವು ಲೈಸೆನ್ಸ್ ಇಲ್ಲದ ಕೋವಿಯಿಂದಲೇ ಆಗಿವೆ. ಎಲ್ಲೋ ಗುಡಿಸಲಲ್ಲಿ ಕದ್ದುಮುಚ್ಚಿ ಮಾಡಿದ ನಾಡಕೋವಿಗೆ ನಂಬರೇ ಇಲ್ಲ. ಅದನ್ನು ಯಾವ ಪುಸ್ತಕದಲ್ಲಿ ಹುಡುಕೋದು?

ಹಾಗಂತ ರಿಜಿಸ್ಟರು ಸುಮ್ಮನೆ ಅಂತ ನಾನು ಹೇಳುವುದಿಲ್ಲ. ಲೈಸೆನ್ಸ್ ಬೇರೆ, ರಿಜಿಸ್ಟರು ಬೇರೆ. ಡ್ರೈವಿಂಗ್ ಲೈಸೆನ್ಸ್ ಮನುಷ್ಯನಿಗೆ, ನಂಬರ್ ಪ್ಲೇಟ್ ಗಾಡಿಗೆ ಇರುತ್ತಲ್ಲ, ಹಾಗೆ. ಅಂಗಡಿಯಲ್ಲಿ ಕೋವಿ ಕೊಂಡವನು ಅದನ್ನು ಗುಟ್ಟಾಗಿ ಕಳ್ಳನಿಗೆ ಮಾರಿದ ಅಂತ ಇಟ್ಟುಕೊಳ್ಳಿ. ನಂಬರು ಬರೆದಿದ್ದರೆ ಪೊಲೀಸರು ಮೊದಲು ಅವನ ಮನೆ ಬಾಗಿಲಿಗೇ ಬರುತ್ತಾರೆ. ಆ ಹೆದರಿಕೆಗೆ ಅವನು ಮಾರಲಿಕ್ಕಿಲ್ಲ. ಆದ್ದರಿಂದ ಕೋವಿಗಳೆಲ್ಲ ಅಂಗಡಿಯಿಂದಲೇ ಬರುವ ದೇಶದಲ್ಲಿ ರಿಜಿಸ್ಟರು ಹೆಚ್ಚು ಕೆಲಸ ಮಾಡುತ್ತದೆ, ನಾಡಕೋವಿ ಇರುವ ಕಡೆ ಕಮ್ಮಿ ಅಂತ ನನ್ನ ಅಭಿಪ್ರಾಯ.

ರಿಜಿಸ್ಟರನ್ನೇ ಬಿಟ್ಟುಬಿಟ್ಟ ಒಂದು ದೇಶವೂ ಇದೆ. ನಮಗೆ ಕ್ರಿಕೆಟ್ಟಿನಿಂದ ಗೊತ್ತಿರುವ ನ್ಯೂಜಿಲೆಂಡ್! ಅಲ್ಲಿ 1920ರ ಕಾನೂನಿನಿಂದ ಬಂದೂಕುಗಳ ಲೆಕ್ಕ ಬರೆದಿಡುತ್ತಿದ್ದರು. ಬರಬರುತ್ತಾ ಪುಸ್ತಕದ ತುಂಬಾ ತಪ್ಪುಗಳಾದವು. ಸರಿಮಾಡಲು ಖರ್ಚು ಬಹಳ ಆಗುತ್ತದೆ ಅಂತ 1983ರಲ್ಲಿ ಕಾನೂನು ಬದಲಾಯಿಸಿದರು. ಪಿಸ್ತೂಲಿಗೆ ಲೆಕ್ಕ ಉಳಿಯಿತು, ಸಾಧಾರಣ ಬಂದೂಕಿಗೆ ಇಲ್ಲ, ಮನುಷ್ಯನಿಗೆ ಲೈಸೆನ್ಸ್ ಇದ್ದರೆ ಸಾಕು ಅಂದರು.

2019ರ ಮಾರ್ಚ್ 15ರಂದು ಅಲ್ಲಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಒಬ್ಬ ಮನುಷ್ಯ ಗುಂಡು ಹಾರಿಸಿ 51 ಜನರನ್ನು ಕೊಂದ. ಪ್ರಾರ್ಥನೆಗೆ ಬಂದವರು, ಪಾಪ. ಅವನಿಗೆ ಲೈಸೆನ್ಸ್ ಇತ್ತು! ಆದರೆ ಅವನು ಎಷ್ಟು ಬಂದೂಕು ಕೂಡಿಹಾಕಿದ್ದಾನೆ ಅಂತ ಬರೆದ ಪುಸ್ತಕ ಇರಲಿಲ್ಲ. ಮುಂದಿನ ತಿಂಗಳೇ ಅಂಥ ಬಂದೂಕುಗಳನ್ನು ನಿಷೇಧಿಸಿ, ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳುವ ಕಾನೂನು ಮಾಡಿದರು. 50 ಸಾವಿರಕ್ಕೂ ಹೆಚ್ಚು ಬಂದೂಕು ಬಂದವು. ಇನ್ನೂ ಎಷ್ಟು ಉಳಿದಿವೆ ಅಂತ ಕೇಳಿದರೆ ಸರ್ಕಾರದ ಹತ್ತಿರ ಲೆಕ್ಕ ಇರಲಿಲ್ಲ, ಯಾಕಂದ್ರೆ 1983ರಲ್ಲೇ ಬರೆಯೋದು ಬಿಟ್ಟಿದ್ದರು.

2023ರ ಜೂನ್ ತಿಂಗಳಿಂದ ಅಲ್ಲಿ ಮತ್ತೆ ರಿಜಿಸ್ಟರು ಶುರುವಾಗಿದೆ. ಈ ಸಲ ಕಂಪ್ಯೂಟರಿನಲ್ಲಿ. ಎಲ್ಲರೂ ತಮ್ಮ ಬಂದೂಕಿನ ನಂಬರು ಬರೆಸಲು ಐದು ವರ್ಷ ಟೈಮು ಕೊಟ್ಟಿದ್ದಾರೆ.