ದೋಣಿಯ ಒಡೆತನ ಮತ್ತು ಬೆಲೆ: ಕರಾವಳಿಯಲ್ಲಿ ಮರದಿಂದ ಫೈಬರಿನೆಡೆಗೆ

ಕನ್ನಡ ಸಾಹಿತ್ಯ ಪರಂಪರೆಯಲ್ಲಿ ದೋಣಿ ಬಹುತೇಕ ದಾಟುವ ಸಾಧನವಾಗಿಯೇ ಕಾಣಿಸಿಕೊಂಡಿದೆ. 12ನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರಿನಲ್ಲೇ ದೋಣಿಯ ಕಾಯಕವಿದೆ. ದಾಸರ ಪದಗಳಲ್ಲಿ ಹೊಳೆ ಸಂಸಾರವಾದರೆ ದೋಣಿ ದೇಹವೋ ನಾಮವೋ ಆಗುತ್ತದೆ. ದೋಣಿ, ಓಡ, ನಾವೆ, ಹರಿಗೋಲು, ಹಡಗು ಎಂಬ ಪದಗಳ ಸಮೃದ್ಧಿಯನ್ನು 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಕೋಶದಿಂದಲೇ ತಿಳಿಯಬಹುದು. ಆದರೆ ದೋಣಿಯನ್ನು ಒಂದು ಆಸ್ತಿಯಾಗಿ, ಸಾಲ ಮಾಡಿ ಕಟ್ಟಿಸುವ, ಪಾಲು ಹಂಚಿಕೊಳ್ಳುವ, ಕಷ್ಟಕಾಲದಲ್ಲಿ ಮಾರುವ ವಸ್ತುವಾಗಿ ನೋಡುವ ಪ್ರಯತ್ನ ನಮ್ಮ ಸಂಸ್ಕೃತಿ ಅಧ್ಯಯನಗಳಲ್ಲಿ ವಿರಳ. ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ವಿನ್ಯಾಸವನ್ನು ಕುರಿತು ಪ್ರಕಟಿಸಿದ ಅಧ್ಯಯನವೂ ಆಕಾರ ಮತ್ತು ಮೂಲಗಳನ್ನು ಚರ್ಚಿಸುವ ಉದ್ದೇಶದ್ದು. ಒಡೆತನದ ಪ್ರಶ್ನೆ ಅದರ ಕೇಂದ್ರವಲ್ಲ.

ಕರ್ನಾಟಕದ ಕರಾವಳಿಯಲ್ಲಿ ಕಳೆದ ಕೆಲವು ದಶಕಗಳಲ್ಲಿ ಮರದ ದೋಣಿಯ ಸ್ಥಾನವನ್ನು ಫೈಬರ್ ದೋಣಿ ಬಹುಮಟ್ಟಿಗೆ ಆಕ್ರಮಿಸಿಕೊಂಡಿದೆ. ಇದನ್ನು ಕೇವಲ ತಾಂತ್ರಿಕ ಸುಧಾರಣೆಯೆಂದು ವಿವರಿಸುವುದು ವಾಡಿಕೆ. ಆದರೆ ವಸ್ತು ಬದಲಾದಾಗ ಅದರ ಬೆಲೆಯನ್ನು ನಿರ್ಧರಿಸುವ ಜ್ಞಾನವೂ, ಒಡೆತನದ ಸ್ವರೂಪವೂ ಬದಲಾಗುತ್ತವೆ. ಮರದ ದೋಣಿಯನ್ನು ಮಾರುವವನು ಏನನ್ನು ಮಾರುತ್ತಾನೆ? ಫೈಬರ್ ದೋಣಿಯನ್ನು ಕೊಳ್ಳುವವನು ಏನನ್ನು ಕೊಳ್ಳುತ್ತಾನೆ? ಈ ಎರಡು ಪ್ರಶ್ನೆಗಳ ಮೂಲಕ ಈ ಪಲ್ಲಟವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮರದ ದೋಣಿ: ಕಟ್ಟುವುದು ಮತ್ತು ಉಳಿಸಿಕೊಳ್ಳುವುದು

ಮರದ ದೋಣಿಯ ಕಥೆ ಆರಂಭವಾಗುವುದು ಕಡಲಿನಲ್ಲಲ್ಲ, ಘಟ್ಟದಲ್ಲಿ. ಒಂದೇ ದಿಮ್ಮಿಯನ್ನು ಕೊರೆದು ಮಾಡುವ ಸಣ್ಣ ದೋಣಿಗೆ ಮಾವು, ಹೆಬ್ಬಲಸಿನಂತಹ ದಪ್ಪ ಮರಗಳು ಬೇಕು. ಹಲಗೆ ಜೋಡಿಸಿ ಕಟ್ಟುವ ದೊಡ್ಡ ದೋಣಿಗೆ ಭಾಗಕ್ಕೊಂದರಂತೆ ಬೇರೆ ಬೇರೆ ಮರಗಳನ್ನು ಆಯ್ಕೆ ಮಾಡಲಾಗುತ್ತದೆ. ನೀರಿನಲ್ಲಿ ಬಾಳುವ ಮರ ಒಂದಾದರೆ, ಬಾಗಿಸಲು ಒಗ್ಗುವ ಮರ ಇನ್ನೊಂದು. ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿಯುವುದು, ಸಂದುಗಳಲ್ಲಿ ಹತ್ತಿ ತುಂಬುವುದು, ಮೇಲೆ ರಾಳ ಮತ್ತು ಎಣ್ಣೆಯ ಲೇಪ ಕೊಡುವುದು ಹಳೆಯ ಕ್ರಮ. ಮೊಳೆ ಬಂದ ಮೇಲೂ ಹೊಲಿದ ದೋಣಿಗಳು ಬಹುಕಾಲ ಉಳಿದವು. ಹೊಲಿಗೆ ಸಡಿಲವಾದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು ಎಂಬುದು ಅದಕ್ಕೊಂದು ಕಾರಣ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮರದ ದೋಣಿಗೆ ಸಿದ್ಧ ಬೆಲೆ ಎಂಬುದು ಇರುವುದಿಲ್ಲ. ಸಾಮಾನ್ಯವಾಗಿ ಮರವನ್ನು ಯಜಮಾನ ತಾನೇ ಕೊಂಡು ತರುತ್ತಾನೆ. ಆಚಾರಿಗೆ ಕೂಲಿ ಬೇರೆ, ಕಬ್ಬಿಣದ ಸಾಮಾನು ಬೇರೆ, ಎಣ್ಣೆ ಬೇರೆ. ದುಡ್ಡು ಕೈಗೆ ಬಂದಂತೆ ಕೆಲಸ ಮುಂದುವರಿಯುತ್ತದೆ. ನಕ್ಷೆ ಕಾಗದದ ಮೇಲಿರದೆ ಆಚಾರಿಯ ಕಣ್ಣಳತೆಯಲ್ಲಿರುತ್ತದೆ.

ಕಟ್ಟಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಮರವನ್ನು ಕೊರೆಯುವ ಕಡಲಜೀವಿಗಳಲ್ಲಿ ಮುಖ್ಯವಾದದ್ದು ನೋಡಲು ಹುಳುವಿನಂತಿದ್ದರೂ ವಾಸ್ತವವಾಗಿ ಚಿಪ್ಪುಮೀನಿನ ವರ್ಗಕ್ಕೆ ಸೇರಿದೆ. ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಹೊರಗೆ ಗುರುತೇ ಇಲ್ಲದಂತೆ ಹಲಗೆಯನ್ನು ಒಳಗಿನಿಂದ ಟೊಳ್ಳಾಗಿಸುತ್ತದೆ. ಆದ್ದರಿಂದ ದೋಣಿಯನ್ನು ಆಗಾಗ ದಡಕ್ಕೆಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಹಾಗೆಂದು ಬಿಸಿಲಿನಲ್ಲಿ ಬಹಳ ದಿನ ಬಿಟ್ಟರೆ ಹಲಗೆ ಒಣಗಿ ಸಂದು ಬಿರಿಯುತ್ತದೆ. ಅದಕ್ಕಾಗಿ ತೆಂಗಿನ ಗರಿಯ ಚಪ್ಪರ ಬೇಕು. ಹೀಗೆ ಮರದ ದೋಣಿಯ ಒಡೆತನವೆಂದರೆ ಒಮ್ಮೆ ಕೊಂಡು ಮುಗಿಯುವ ವ್ಯವಹಾರವಲ್ಲ. ಅದು ವರ್ಷವರ್ಷವೂ ನವೀಕರಿಸಬೇಕಾದ ಒಂದು ಸಂಬಂಧ. ಆರೈಕೆ ನಿಂತರೆ ಒಡೆತನವೂ ಕರಗುತ್ತದೆ.

ಭಾರವಾದ ಮರದ ದೋಣಿಯನ್ನು ಒಬ್ಬಿಬ್ಬರು ದಡಕ್ಕೆಳೆಯಲಾಗದು. ಆದ್ದರಿಂದ ಒಡೆಯನು ಊರಿನವರ ತೋಳನ್ನು ಅವಲಂಬಿಸಲೇಬೇಕಿತ್ತು. ಈ ಪರಸ್ಪರಾವಲಂಬನೆಯ ಪರಾಕಾಷ್ಠೆ ರಂಪಣಿ. ಹತ್ತಾರು ಮಂದಿ ಸೇರಿ ಎಳೆಯುವ ಈ ದಡಬಲೆಯ ವ್ಯವಸ್ಥೆಯಲ್ಲಿ ಬಲೆ, ದೋಣಿ, ದುಡಿಮೆ ಎಲ್ಲವೂ ಪಾಲಿನ ಲೆಕ್ಕಕ್ಕೆ ಸೇರಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಯಾಂತ್ರೀಕೃತ ಪರ್ಸೀನ್ ಬಲೆ ಬಂದ ಮೇಲೆ ಬೂತಾಯಿ, ಬಂಗುಡೆಗಳ ಗುಂಪು ದಡ ತಲುಪುವ ಮೊದಲೇ ಹಿಡಿಯಲ್ಪಟ್ಟವು. ರಂಪಣಿ ಕುಸಿಯಿತು, ಅದರೊಂದಿಗೆ ಅದರ ದೊಡ್ಡ ದೋಣಿಗಳೂ ಬೆಲೆ ಕಳೆದುಕೊಂಡವು. ಆ ದೋಣಿಗಳ ಮರ ಕೆಟ್ಟಿರಲಿಲ್ಲ, ಅವುಗಳನ್ನು ಬೇಕೆನ್ನುವ ಬಲೆ ಇಲ್ಲವಾಗಿತ್ತು. ದೋಣಿಯ ಬೆಲೆ ದೋಣಿಯಲ್ಲಷ್ಟೇ ಇರುವುದಿಲ್ಲ ಎಂಬುದಕ್ಕೆ ಇದು ಕರಾವಳಿಯ ಅತ್ಯಂತ ಸ್ಪಷ್ಟ ನಿದರ್ಶನ.

2. ಫೈಬರ್ ದೋಣಿ: ಅಚ್ಚು ಮತ್ತು ಪ್ರತಿ

ಫೈಬರ್ ಎಂದು ಜನ ಕರೆಯುವುದು ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ ಕೂಡಿದ ವಸ್ತುವನ್ನು. ಅಚ್ಚಿಗೆ ಮೊದಲು ಬಣ್ಣಬೆರೆತ ಹೊರಲೇಪವನ್ನು ಬಳಿದು, ಅದರ ಮೇಲೆ ನಾರಿನ ಹಾಸನ್ನು ಹರಡಿ, ರಾಳ ಸುರಿದು, ಗಾಳಿಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತಲಾಗುತ್ತದೆ. ಹೀಗೆ ಪದರದ ಮೇಲೆ ಪದರ. ರಾಳ ಗಟ್ಟಿಯಾಗಲು ಅದರ ತೂಕದ ಶೇ. 1ರಿಂದ 2ರಷ್ಟು ಗಟ್ಟಿಕಾರಕ ಸಾಕು. ಈ ಪ್ರಮಾಣ ತಪ್ಪಿದರೆ, ಪದರ ಕಡಿಮೆಯಾದರೆ ದೋಣಿ ಹೊರನೋಟಕ್ಕೆ ಹೊಳೆಯುತ್ತಿದ್ದರೂ ಒಳಗೆ ದುರ್ಬಲವಾಗಿರುತ್ತದೆ.

ಈ ತಂತ್ರಜ್ಞಾನ ದಕ್ಷಿಣ ಭಾರತದ ತೀರಗಳಿಗೆ ಹಲವು ದಾರಿಗಳಿಂದ ಬಂದಿತು. 1979ರಲ್ಲಿ ಆರಂಭವಾದ ಬಂಗಾಳ ಕೊಲ್ಲಿ ಕಾರ್ಯಕ್ರಮವು ಪೂರ್ವ ತೀರದಲ್ಲಿ ಫೈಬರ್ ದೋಣಿಗಳ ಪ್ರಯೋಗ ನಡೆಸಿತು. 1957ರಲ್ಲಿ ಸ್ಥಾಪನೆಯಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಸಂಸ್ಕರಿಸಿದ ರಬ್ಬರ್ ಮರದ ಮೇಲೆ ಫೈಬರ್ ಹೊದಿಕೆ ಕೊಟ್ಟ ದೋಣಿಯನ್ನೂ ರೂಪಿಸಿತು. ಕರ್ನಾಟಕದಲ್ಲಿ ಔಟ್‌ಬೋರ್ಡ್ ಎಂಜಿನ್ ವ್ಯಾಪಕವಾದುದು, ದೊಡ್ಡ ಮರಗಳು ದುರ್ಲಭ ಹಾಗೂ ದುಬಾರಿಯಾದುದು ಫೈಬರಿಗೆ ದಾರಿ ಮಾಡಿಕೊಟ್ಟವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮತ್ತು ಮರ ಕಡಿತವನ್ನು ಬಿಗಿಗೊಳಿಸಿದ ಸರ್ವೋಚ್ಚ ನ್ಯಾಯಾಲಯದ 1996ರ ಡಿಸೆಂಬರ್ 12ರ ಆದೇಶವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಘಟ್ಟವನ್ನು ಉಳಿಸುವ ನ್ಯಾಯಯುತ ಕ್ರಮವೊಂದು ಕಡಲತೀರದ ಆಚಾರಿಯ ಅಂಗಳದಲ್ಲಿ ಬೇರೆಯೇ ಪರಿಣಾಮ ಬೀರಿತು.

ಫೈಬರಿನ ಅನುಕೂಲಗಳು ನೈಜವಾದವು. ಕಡಲಜೀವಿಗಳು ಅದನ್ನು ಕೊರೆಯುವುದಿಲ್ಲ. ಅದು ಮರದಂತೆ ನೀರು ಕುಡಿದು ಭಾರವಾಗುವುದಿಲ್ಲ. ಹಗುರವಾದುದರಿಂದ ಇಂಧನ ಉಳಿಯುತ್ತದೆ, ಕಡಿಮೆ ಜನರಿಂದ ದಡಕ್ಕೆಳೆಯಬಹುದು. ಎರಡು ಮೂರು ಮಂದಿಯ ಕುಟುಂಬಕ್ಕೆ ಸ್ವಂತ ದೋಣಿ ಸಾಧ್ಯವಾದುದು ಇದರಿಂದಲೇ. ದೊಡ್ಡ ಗುಂಪಿನ ಯಜಮಾನಿಕೆಯಿಂದ ಬಿಡುಗಡೆ ಬಯಸಿದವರಿಗೆ ಇದು ಸ್ವಾತಂತ್ರ್ಯವೂ ಹೌದು. ಇದನ್ನು ಮರೆತು ಮರದ ದೋಣಿಯನ್ನು ಕುರಿತು ಕೇವಲ ಹಂಬಲಿಸುವುದು ಅಧ್ಯಯನದ ದೃಷ್ಟಿಯಿಂದ ಸರಿಯಾಗಲಾರದು.

ಆದರೆ ಅಚ್ಚಿನ ಮೂಲ ಯಾವುದು ಎಂಬ ಪ್ರಶ್ನೆ ಮುಖ್ಯ. ಅಚ್ಚು ತೆಗೆಯಲು ಮೊದಲೊಂದು ಮಾದರಿ ಬೇಕು. ಅದನ್ನು ಸಾಮಾನ್ಯವಾಗಿ ಮರದಲ್ಲೇ ಮಾಡಲಾಗುತ್ತದೆ. ಒಂದು ತೀರದ ಅಲೆ, ಮರಳು, ಅಳಿವೆಗಳಿಗೆ ಒಗ್ಗುವ ಆಕಾರವನ್ನು ತಲೆಮಾರುಗಳ ಅನುಭವದಿಂದ ಕಂಡುಕೊಂಡವನು ಆಚಾರಿ. ಅವನು ಆ ಆಕಾರಕ್ಕೆ ಒಮ್ಮೆ ಕೂಲಿ ಪಡೆಯುತ್ತಾನೆ, ಅಚ್ಚಿನ ಒಡೆಯ ಅದನ್ನು ಹಲವು ಬಾರಿ ಮಾರುತ್ತಾನೆ. ಜ್ಞಾನದ ಒಡೆತನ ಕೈಯಿಂದ ಅಚ್ಚಿಗೆ ವರ್ಗಾವಣೆಯಾಗುವ ಈ ಕ್ರಿಯೆಗೆ ಯಾವ ಪತ್ರವೂ ಇಲ್ಲ.

3. ಬೆಲೆ ಕಟ್ಟುವುದು ಮತ್ತು ಮಾರುವುದು

ಹಳೆಯ ದೋಣಿಯನ್ನು ಕೊಳ್ಳುವವನ ಪರೀಕ್ಷಾಕ್ರಮ ಎರಡರಲ್ಲೂ ಬೇರೆ ಬೇರೆ. ಮರದ ದೋಣಿಯಲ್ಲಿ ಬಣ್ಣವನ್ನು ನಂಬುವಂತಿಲ್ಲ. ಅಡಿಮರದ ಬಳಿ, ಸಂದುಗಳಲ್ಲಿ, ಮಳೆನೀರು ನಿಲ್ಲುವ ಮೂಲೆಗಳಲ್ಲಿ ಚೂರಿಯ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಮರ ಮೆತ್ತಗಾಗಿದೆ ಎಂದರ್ಥ. ಮೊಳೆಯ ಸುತ್ತ ತುಕ್ಕಿನ ಕಲೆ ಇದೆಯೇ, ಹಲಗೆ ಯಾವ ಮರದ್ದು, ಕಟ್ಟಿದ ಆಚಾರಿ ಯಾರು ಎಂಬುದೂ ಬೆಲೆಯ ಭಾಗ. ಫೈಬರ್ ದೋಣಿಯಲ್ಲಿ ನಾಣ್ಯದಿಂದ ತಟ್ಟಿ ಸದ್ದು ಕೇಳಬೇಕು. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಮಂಕಾದ ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿರಬಹುದು. ಹೊರಲೇಪದಲ್ಲಿ ಎದ್ದ ಗುಳ್ಳೆಗಳು ನೀರು ಒಳಸೇರಿದುದರ ಸೂಚನೆ. ಜೇಡರ ಬಲೆಯಂತಹ ಬಿರುಕುಗಳು ಪೆಟ್ಟಿನ ಇಲ್ಲವೇ ಅತಿಯಾದ ಒತ್ತಡದ ಗುರುತು. ಎಂಜಿನ್ ತೂಗುವ ಹಿಂಬದಿಯ ಹಲಗೆಯ ಒಳಗೆ ಅನೇಕ ಫೈಬರ್ ದೋಣಿಗಳಲ್ಲಿ ಮರವೇ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಆ ಮರ ಕೊಳೆತರೆ ಎಂಜಿನ್ನಿನ ಭಾರವನ್ನು ಹೊರುವ ಶಕ್ತಿಯೇ ಹೋಗುತ್ತದೆ. ಮರವನ್ನು ತೊರೆದ ದೋಣಿಯ ಆಯುಸ್ಸೂ ಕೆಲವೊಮ್ಮೆ ಮರದಲ್ಲೇ ನಿಂತಿರುವುದು ಅರ್ಥಪೂರ್ಣವಾಗಿದೆ.

ಮಾರಾಟದಲ್ಲಿ ಕೈಬದಲಾಗುವುದು ಒಡಲು ಮಾತ್ರವಲ್ಲ. ಎಂಜಿನ್, ಬಲೆ, ನೋಂದಣಿ ಮತ್ತು ಪರವಾನಗಿಗಳಿಗೆ ಪ್ರತ್ಯೇಕ ಮೌಲ್ಯವಿದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಅನ್ವಯ ದೋಣಿಗೆ ನೋಂದಣಿ, ಮೀನು ಹಿಡಿಯಲು ಪರವಾನಗಿ ಅಗತ್ಯ. ದಾಖಲೆ ಕೊಳ್ಳುವವನ ಹೆಸರಿಗೆ ವರ್ಗವಾಗದ ದೋಣಿ ಎಷ್ಟೇ ಗಟ್ಟಿಯಾಗಿದ್ದರೂ ಸರ್ಕಾರಿ ಸೌಲಭ್ಯಗಳ ಲೆಕ್ಕದಲ್ಲಿ ಇಲ್ಲದಂತೆಯೇ. ಆದ್ದರಿಂದ ಮುಪ್ಪಾದ ದೋಣಿಯೊಂದಕ್ಕೆ ಅದರ ಹಲಗೆಗಿಂತ ಹೆಚ್ಚಾಗಿ ದಾಖಲೆಗಾಗಿ ಬೆಲೆ ಬರುವುದುಂಟು.

ಪಾಲಿನ ದೋಣಿಯ ಮಾರಾಟ ಇನ್ನಷ್ಟು ಸಂಕೀರ್ಣ. ಐವರು ಸಮಪಾಲಿನಲ್ಲಿ ಮಾಡಿಸಿದ ದೋಣಿಯಿಂದ ಒಬ್ಬ ಹೊರಬರುತ್ತಾನೆಂದು ಭಾವಿಸೋಣ. ಒಡಲು 1 ಲಕ್ಷ, ಎಂಜಿನ್ ಮತ್ತು ಬಲೆ 1.5 ಲಕ್ಷ ಎಂದು ಒಪ್ಪಿದರೆ ಅವನಿಗೆ 50 ಸಾವಿರ ಸಲ್ಲಬೇಕು. ಆದರೆ ಕಳೆದ ಮಳೆಗಾಲದಲ್ಲಿ ಹಲಗೆ ಬದಲಿಸಿದ ಖರ್ಚನ್ನು ಇಬ್ಬರೇ ಭರಿಸಿದ್ದರೆ? ಹೊರಹೋಗುವವನು ಕೊಟ್ಟದ್ದು ದುಡ್ಡಲ್ಲದೆ ಮೈಕೆಲಸವಾಗಿದ್ದರೆ? ಮರದ ದೋಣಿಯ ಒಡೆತನ ಆರೈಕೆಯಲ್ಲಿ ಬೆಳೆಯುವಂಥದು. ಆದ್ದರಿಂದ ಇಲ್ಲಿ ಬೆಲೆ ಕಟ್ಟಲು ಊರಿನ ಹಿರಿಯರ ನೆನಪು ಬೇಕಾಗುತ್ತದೆ. ಫೈಬರ್ ದೋಣಿಗೆ ಬಿಲ್ಲು ಇದೆ, ತಯಾರಾದ ವರ್ಷವಿದೆ. ವರ್ಷಕ್ಕಿಷ್ಟು ಸವಕಳಿ ಎಂದು ಕಳೆದರೆ ಲೆಕ್ಕ ಮುಗಿಯಿತು. ಬ್ಯಾಂಕು, ವಿಮೆ, ಸಹಾಯಧನಗಳ ಭಾಷೆಗೆ ಒಗ್ಗುವುದು ಈ ಎರಡನೆಯ ಲೆಕ್ಕವೇ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಸಾಂಪ್ರದಾಯಿಕ ಮೀನುಗಾರರ ಹಳೆಯ ದೋಣಿಗೆ ಬದಲಿ ದೋಣಿ ಮತ್ತು ಬಲೆಗಾಗಿ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರು ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನವನ್ನು ನಿಗದಿಪಡಿಸಿತು. ಇಂತಹ ಲೆಕ್ಕದಲ್ಲಿ ಹೊಸ ದೋಣಿಯ ಖರ್ಚಿಗೆ ಸ್ಥಾನವಿದೆ, ಹಳೆಯ ಮರದ ದೋಣಿಗೆ ಸಂದ ವರ್ಷಗಳ ಆರೈಕೆಗೆ ಸ್ಥಾನವಿಲ್ಲ.

4. ದೋಣಿಯ ಕೊನೆ

ವಸ್ತುವಿನ ನಿಜವಾದ ಬೆಲೆ ಅದರ ಕೊನೆಯಲ್ಲಿ ತಿಳಿಯುತ್ತದೆ. ಮುಪ್ಪಾದ ಮರದ ದೋಣಿಯನ್ನು ಬಿಚ್ಚಿದರೆ ಗಟ್ಟಿ ಹಲಗೆ ಇನ್ನೊಂದು ದೋಣಿಗೆ, ಕೊಟ್ಟಿಗೆಯ ಗೋಡೆಗೆ, ಬೇಲಿಗೆ ಸಲ್ಲುತ್ತದೆ. ಉಳಿದದ್ದು ಸೌದೆ. ಅದು ಸ್ವಲ್ಪವೇ ಆದರೂ ಬೆಲೆಯೇ. ಉಕ್ಕಿನ ದೋಣಿ ಗುಜರಿಯ ತೂಕಕ್ಕೆ ಮಾರಾಟವಾಗುತ್ತದೆ. ಫೈಬರ್ ದೋಣಿಗೆ ಎರಡೂ ಇಲ್ಲ. ಗಟ್ಟಿಯಾದ ರಾಳವನ್ನು ಮತ್ತೆ ಕರಗಿಸಿ ಎರಕ ಹೊಯ್ಯಲಾಗದು, ಸುಟ್ಟರೆ ವಿಷಕಾರಿ ಹೊಗೆ, ಕೊಯ್ದರೆ ಉಸಿರಿಗೆ ಸೇರುವ ಗಾಜಿನ ಧೂಳು. ಹೀಗಾಗಿ ಅದು ದಡದಲ್ಲೇ ಬಿದ್ದಿರುತ್ತದೆ. ಕೊಳ್ಳುವಾಗ ಬಿಲ್ಲಿನಲ್ಲಿ ಕಾಣದ ಈ ಖರ್ಚನ್ನು ಕೊನೆಗೆ ಹೊರುವುದು ಊರಿನ ಮರಳು ಮತ್ತು ನೀರು.

ಮರದ ದೋಣಿಯೊಂದಿಗೆ ಕೊನೆಗಾಣುವುದು ಮತ್ತೊಂದು ಇದೆ. ಮರದ ಹೆಸರು, ಹೊಲಿಗೆಯ ಬಗೆ, ಹಲಗೆಯ ಸ್ಥಾನ, ಬಿರುಕಿನ ಗುಣ ಇವುಗಳನ್ನು ಸೂಚಿಸುವ ಕನ್ನಡ, ತುಳು, ಕೊಂಕಣಿ ಪದಗಳು ಕೆಲಸದ ಜೊತೆಗೆ ಬದುಕಿದ್ದವು. ಕೆಲಸ ನಿಂತ ಅಂಗಳದಲ್ಲಿ ಅವು ಆಚಾರಿಯ ನೆನಪಿನಲ್ಲಷ್ಟೇ ಉಳಿಯುತ್ತವೆ. ಫೈಬರಿನ ಕೆಲಸಗಾರನಿಗೂ ತನ್ನದೇ ಪದಗಳಿವೆ. ಮ್ಯಾಟ್, ರೆಸಿನ್, ಕೋಟ್ ಎಂಬ ಆ ಪದಗಳನ್ನು ಕಲಬೆರಕೆಯೆಂದು ಬದಿಗಿಡದೆ ದಾಖಲಿಸಬೇಕಾದುದೂ ಅಷ್ಟೇ ಅಗತ್ಯ.

ಒಟ್ಟಾರೆಯಾಗಿ, ಮರದ ದೋಣಿಯಲ್ಲಿ ಬೆಲೆಯೆಂಬುದು ಮರ, ಕೈ, ಆರೈಕೆ ಮತ್ತು ನೆನಪುಗಳ ಒಟ್ಟು ಮೊತ್ತವಾಗಿದ್ದರೆ, ಫೈಬರ್ ದೋಣಿಯಲ್ಲಿ ಅದು ಅಚ್ಚು, ಬಿಲ್ಲು ಮತ್ತು ವಯಸ್ಸಿನ ಲೆಕ್ಕವಾಗಿದೆ. ಮೊದಲನೆಯದು ಒಡೆಯನನ್ನು ಊರಿಗೆ ಕಟ್ಟಿಹಾಕಿತು, ಎರಡನೆಯದು ಅವನನ್ನು ಬಿಡಿಸಿ ಮಾರುಕಟ್ಟೆಯೊಂದಿಗೆ ಕಟ್ಟಿತು. ಈ ಪಲ್ಲಟದಲ್ಲಿ ಮೀನುಗಾರನಿಗೆ ಲಾಭವೂ ಇದೆ, ನಷ್ಟವೂ ಇದೆ. ಆಚಾರಿಗೆ ಮಾತ್ರ ಬಹುಪಾಲು ನಷ್ಟವೇ. ಹಳೆಯ ದೋಣಿಗಳನ್ನು ಅಳತೆ ಮಾಡಿ, ಅವುಗಳ ಭಾಗಗಳ ಹೆಸರುಗಳನ್ನು ಕಟ್ಟಿದವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ಕರಾವಳಿಯ ಕನ್ನಡ ವಿಭಾಗಗಳ ಕೈಯಳತೆಯಲ್ಲೇ ಇದೆ. ಆ ಹಲಗೆಗಳು ಸೌದೆಯಾಗುವ ಮೊದಲು ಅದು ನಡೆಯಬೇಕು.