ಸಡಿಲ ಕೀಲಿನ ಮಕ್ಕಳು

ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಮುಂಗೈಗೆ ತಾಗಿಸುವ ಹುಡುಗಿಯನ್ನು ಕಂಡರೆ ನಮಗೆಲ್ಲ ಸೋಜಿಗ. ಮನೆಗೆ ಬಂದವರೆದುರು ‘ಎಲ್ಲಿ, ಇನ್ನೊಮ್ಮೆ ತೋರಿಸಮ್ಮ’ ಎಂದು ಮಾಡಿಸುವುದೂ ಉಂಟು. ಇಂಥ ಮಕ್ಕಳಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಿಗೆ ಮಾತ್ರ ಹನ್ನೆರಡು ಹದಿಮೂರರ ಹೊತ್ತಿಗೆ ಮಂಡಿ, ಸೊಂಟ, ಬೆರಳು ಎಂದು ಒಂದಲ್ಲ ಒಂದು ಕಡೆ ನೋವು ಹತ್ತಿಕೊಂಡು ತಿಂಗಳುಗಟ್ಟಲೆ ಬಿಡುವುದಿಲ್ಲ. ನಾವು ಹೇಳಹೊರಟಿರುವುದು ಆ ಕೆಲವರ ವಿಚಾರ.

ಎಲುಬುಗಳನ್ನು ಕೀಲಿನಲ್ಲಿ ಬಿಗಿದಿಡುವ ನಾರುಗಳು ಇವರಲ್ಲಿ ಹುಟ್ಟಿನಿಂದಲೇ ಹೆಚ್ಚು ಜಗ್ಗುವಂಥವು. ಅನೇಕ ವೇಳೆ ಇದು ವಂಶದ ಬಳುವಳಿ. ತಾಯಿಯನ್ನು ಕೇಳಿದರೆ ಅವರೂ ಬೆರಳು ಮಡಿಸಿ ತೋರಿಸಿಯಾರು! ನಾರು ಮಾಡದ ಕೆಲಸ ಸ್ನಾಯುವಿನ ಮೇಲೆ ಬೀಳುತ್ತದೆ. ಸ್ನಾಯು ಬೇಗ ದಣಿಯುತ್ತದೆ.

ಸಡಿಲನ್ನು ಅಳೆಯಲು ೧೯೭೩ರಲ್ಲಿ ಬೈಟನ್ ಮತ್ತು ಸಂಗಡಿಗರು ಬಳಕೆಗೆ ತಂದ ೯ ಅಂಕಗಳ ಪರೀಕ್ಷೆಯೊಂದಿದೆ. ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿ ಇವುಗಳಿಗೆ ಎಡಬಲ ಸೇರಿ ೮. ಮಂಡಿ ಬಾಗಿಸದೆ ಅಂಗೈಯನ್ನು ನೆಲಕ್ಕೆ ಊರಿದರೆ ಇನ್ನೊಂದು. ಅಂಕ ಕೂಡಿಸುವುದು ನಮ್ಮಂಥ ಗುಮಾಸ್ತರಿಗೆ ಪ್ರಿಯವಾದ ಕೆಲಸವೇ. ಆದರೆ ಈ ಅಂಕ ಅಳೆಯುವುದು ಸಡಿಲನ್ನು, ನೋವನ್ನಲ್ಲ.

ಇಲ್ಲಿಯೇ ಮಕ್ಕಳಿಗೆ ಅನ್ಯಾಯವಾಗುವುದು. ಮುಂಬಯಿಯಲ್ಲಿ ನಮ್ಮ ನೆರೆಮನೆಯ ಹದಿನಾಲ್ಕರ ಹುಡುಗಿಗೆ ಎಕ್ಸ್‌-ರೇ ಆಯಿತು, ರಕ್ತಪರೀಕ್ಷೆ ಆಯಿತು, ಎಲ್ಲವೂ ಸರಿ ಎಂದು ಬಂತು. ‘ಶಾಲೆ ತಪ್ಪಿಸುವ ನೆಪ’ ಎಂದರು ಒಬ್ಬರು. ‘ಮಲಗಿರಲಿ’ ಎಂದರು ಮತ್ತೊಬ್ಬರು. ಮೂರು ತಿಂಗಳು ಮಲಗಿದಳು. ಎದ್ದಾಗ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು. ಕೆಲಸವಿಲ್ಲದ ಸ್ನಾಯು ಸೊರಗದೆ ಇನ್ನೇನಾದೀತು?

ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಬಾಯಿ ಮೊದಲು ಹೇಳಿದ್ದು, ‘ನಿನ್ನ ನೋವು ನಿಜ’ ಎಂದು. ಹುಡುಗಿ ಅತ್ತುಬಿಟ್ಟಳಂತೆ. ಎರಡನೆಯದು ಲೆಕ್ಕ. ನೋವು ಕಡಿಮೆಯಿದ್ದ ದಿನ ಇವಳು ಮನೆಯ ಕೆಲಸ, ಆಟ ಎಲ್ಲವನ್ನೂ ಮುಗಿಸಿ ಮರುದಿನ ಹಾಸಿಗೆ ಹಿಡಿಯುತ್ತಿದ್ದಳು. ಅದು ನಿಂತಿತು. ದಿನಕ್ಕೆ ಹತ್ತು ನಿಮಿಷ ನಡಿಗೆ. ಹುರುಪಿದ್ದರೂ ಹತ್ತೇ, ಬೇಸರವಿದ್ದರೂ ಹತ್ತು. ವಾರ ಕಳೆದ ಮೇಲೆ ಹನ್ನೊಂದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಮೆಲ್ಲಗೆ ಏಳುವುದು, ನಿಂತಾಗ ಮಂಡಿಯನ್ನು ಹಿಂದಕ್ಕೆ ತಳ್ಳದಿರುವುದು. ಮೈ ಬಾಗಿಸುವ ಪ್ರದರ್ಶನ ಪೂರ್ತಿ ಬಂದ್. ಶಾಲೆಯವರು ಪುಸ್ತಕದ ಇನ್ನೊಂದು ಜೊತೆಯನ್ನು ತರಗತಿಯಲ್ಲೇ ಇಡಲು ಒಪ್ಪಿದರು. ಮೊದಲು ಅರ್ಧ ದಿನ, ಬಳಿಕ ಪೂರ್ತಿ ದಿನ. ಆರು ತಿಂಗಳು ಹಿಡಿಯಿತು. ನೋವು ಪೂರ್ತಿ ಹೋಗಿಲ್ಲ, ಶಾಲೆ ಮಾತ್ರ ತಪ್ಪುತ್ತಿಲ್ಲ.

ತಾಯಿತಂದೆಗಳಿಗೂ ಪಾಠವುಂಟು. ಇಂಗ್ಲೆಂಡಿನ ಬಾತ್ ನಗರದಲ್ಲಿ ದೀರ್ಘಕಾಲದ ನೋವಿನಿಂದ ನರಳುವ ಹದಿಹರೆಯದವರನ್ನು, ಮನೆಯ ಹಿರಿಯರೊಬ್ಬರ ಸಮೇತ, ಮೂರು ವಾರ ಇರಿಸಿಕೊಂಡು ವ್ಯಾಯಾಮವನ್ನೂ ಮನಸ್ಸಿನ ತರಬೇತಿಯನ್ನೂ ಕೊಟ್ಟರು. ಮೂರು ತಿಂಗಳ ಬಳಿಕ ಅವರ ಶಾಲೆಯ ಹಾಜರಿ ಹೆಚ್ಚಿತ್ತೆಂದು ೨೦೦೩ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಗಳಿಗೆಗೊಮ್ಮೆ ‘ನೋವು ಹೇಗಿದೆ ಮಗು?’ ಎಂದು ಕೇಳುವುದನ್ನು ನೆರೆಮನೆಯ ತಾಯಿಯೂ ಬಿಟ್ಟರು. ಅದೇ ಎಲ್ಲಕ್ಕಿಂತ ಕಷ್ಟವಾಯಿತಂತೆ.

ಒಂದು ಎಚ್ಚರಿಕೆ. ಕೀಲು ಊದಿ ಬಿಸಿಯಾದರೆ, ಜ್ವರ ಬಂದರೆ, ಬೆಳಗ್ಗೆ ಎದ್ದಾಗ ಬಹಳ ಹೊತ್ತು ಮೈ ಬಿಗಿದುಕೊಂಡಿದ್ದರೆ ಸಡಿಲ ಕೀಲೆಂದು ಕುಳಿತಿರಬಾರದು. ಅದು ಬೇರೆ ಕಾಯಿಲೆ ಇರಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು.