೩೪೦ ಕೋಣೆಗಳ ಮನೆ: ನೀವೂ ಒಮ್ಮೆ ನೋಡಿ ಬನ್ನಿ

ಮನೆಗೆ ನಾಲ್ಕು ಜನ ನೆಂಟರು ಬಂದರೆ ಸಾಕು, ಯಾರಿಗೆ ಎಲ್ಲಿ ಹಾಸಿಗೆ ಹಾಸೋದು ಅಂತ ನಮಗೆಲ್ಲ ಯೋಚನೆ ಹತ್ತಿಕೊಳ್ಳುತ್ತೆ, ಅಲ್ಲವೇ? ಹಾಗಿರುವಾಗ ೩೪೦ ಕೋಣೆಗಳಿರುವ ಮನೆಯೊಂದನ್ನು ಊಹಿಸಿಕೊಳ್ಳಿ! ದೆಹಲಿಯ ರೈಸಿನಾ ಗುಡ್ಡದ ಮೇಲಿರುವ ರಾಷ್ಟ್ರಪತಿ ಭವನ ಅಂಥ ಮನೆ.

ಕಟ್ಟಿಸಿದ್ದು ಯಾರಿಗಾಗಿ?

೧೯೧೧ರ ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ, ರಾಜಧಾನಿ ಇನ್ನು ಕಲ್ಕತ್ತೆಯಲ್ಲ, ದೆಹಲಿ ಎಂದು ಸಾರಿದ. ವೈಸ್‌ರಾಯ್‌ಗೆ ಹೊಸ ಮನೆ ಬೇಕಾಯಿತು. ರೈಸಿನಾ, ಮಾಲ್ಚಾ ಹಳ್ಳಿಗಳ ಜನ ತಮ್ಮ ಜಮೀನು ಬಿಟ್ಟು ಹೊರಡಬೇಕಾಯಿತು. ನಕ್ಷೆ ಬರೆದವನು ಎಡ್ವಿನ್ ಲುಟ್ಯೆನ್ಸ್. ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ೧೯೧೨ರಲ್ಲಿ ಹಿಡಿದ ಕೆಲಸ ಮುಗಿದಿದ್ದು ೧೯೨೯ರಲ್ಲಿ! ಸುಮಾರು ೭೦ ಕೋಟಿ ಇಟ್ಟಿಗೆ ಬೇಕಾಯಿತಂತೆ. ಲುಟ್ಯೆನ್ಸ್‌ಗೂ ಪಕ್ಕದ ಸಚಿವಾಲಯ ಕಟ್ಟಿದ ಹರ್ಬರ್ಟ್ ಬೇಕರ್‌ಗೂ ರಸ್ತೆಯ ಏರಿನ ವಿಷಯದಲ್ಲಿ ಜಗಳವೇ ಆಯಿತು. ಏರಿನ ದೆಸೆಯಿಂದ, ಕೆಳಗಿನಿಂದ ಬರುವವರಿಗೆ ಮನೆ ಪೂರ್ತಿ ಕಾಣಿಸದೆ ಹೋಯಿತು.

ಕಂಬಗಳ ಮೇಲೆ ಕಲ್ಲಿನ ಗಂಟೆಗಳಿವೆ. ಗಂಟೆ ನುಡಿದರೆ ರಾಜವಂಶ ಮುಗಿಯುತ್ತೆ ಎಂಬ ಹಳೇ ನಂಬಿಕೆಯಿಂದ, ನುಡಿಯಲಾರದ ಗಂಟೆ ಕೆತ್ತಿಸಿದರು ಎಂದು ಹೇಳುತ್ತಾರೆ. ಏನು ಪ್ರಯೋಜನ? ೧೯೩೧ರಲ್ಲಿ ಲಾರ್ಡ್ ಇರ್ವಿನ್ ಇಲ್ಲಿ ಒಕ್ಕಲು ಬಂದ. ಅದೇ ವರ್ಷ ಗಾಂಧೀಜಿ ಈ ಮನೆಯ ಮೆಟ್ಟಿಲು ಹತ್ತಿ ಅವನ ಜೊತೆ ಮಾತುಕತೆ ನಡೆಸಿದರು. ಹದಿನಾರೇ ವರ್ಷಕ್ಕೆ ಬ್ರಿಟಿಷರ ಆಳ್ವಿಕೆಯೇ ಮುಗಿಯಿತು!

ಚಿಕ್ಕ ಕೋಣೆ ಸಾಕೆಂದವರು

೧೯೪೮ರಲ್ಲಿ ರಾಜಾಜಿಯವರು ಗವರ್ನರ್ ಜನರಲ್ ಆಗಿ ಬಂದಾಗ, ವೈಸ್‌ರಾಯ್‌ಗಳ ಭಾರೀ ಕೋಣೆಗಳು ಬೇಡವೆಂದು ಚಿಕ್ಕ ಕೋಣೆಗಳಲ್ಲಿ ಇದ್ದರು. ಮುಂದಿನ ರಾಷ್ಟ್ರಪತಿಗಳೂ ಅದನ್ನೇ ಅನುಸರಿಸಿದರು. ಆ ದೊಡ್ಡ ಕೋಣೆಗಳು ಪರದೇಶದ ಅತಿಥಿಗಳಿಗೆ ಮೀಸಲಾದವು. ದೊಡ್ಡ ಮನೆ ಸಿಕ್ಕಿತು ಅಂತ ದೊಡ್ಡಸ್ತಿಕೆ ತೋರಿಸಬೇಕಿಲ್ಲ, ನೋಡಿ! ನಮ್ಮ ಬಿ. ಡಿ. ಜತ್ತಿಯವರು ೧೯೭೭ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ೨೦೦೭ರಲ್ಲಿ ಪ್ರತಿಭಾ ಪಾಟೀಲರು ಮೊದಲ ಮಹಿಳಾ ರಾಷ್ಟ್ರಪತಿಯಾದರು. ೨೦೨೨ರಲ್ಲಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾದರು. ಅವರು ಹುಟ್ಟಿ ಬೆಳೆದದ್ದು ಒಡಿಶಾದ ಸಂತಾಲಿ ಕುಟುಂಬದಲ್ಲಿ.

ನೋಡಲು ಹೋಗುವವರಿಗೆ

ಒಳಗೆ ಯಾರು ಬಿಡ್ತಾರೆ ಅಂತ ಹಿಂಜರಿಯಬೇಡಿ. ರಾಷ್ಟ್ರಪತಿ ಭವನದ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿ ದಿನ, ಹೊತ್ತು ಗೊತ್ತುಮಾಡಿಕೊಳ್ಳಿ. ನಿಮಗೆ ಬಾರದಿದ್ದರೆ ಮಕ್ಕಳ ಕೈಲಿ ಮಾಡಿಸಿ. ಗುರುತಿನ ಚೀಟಿ ಮರೀಬೇಡಿ. ತಪಾಸಣೆ ಇರುವುದರಿಂದ ಚೀಲ, ಬುತ್ತಿ ಹೊತ್ತುಕೊಂಡು ಹೋಗಬೇಡಿ. ನಡೆಯೋದು ಬಹಳ, ಕಾಲಿಗೆ ಹಿತವಾದ ಚಪ್ಪಲಿ ಇರಲಿ.

ಹೂವಿನ ಆಸೆ ಇರುವವರು ಫೆಬ್ರವರಿ, ಮಾರ್ಚಿನಲ್ಲಿ ತೋಟ ತೆರೆದಾಗ ಹೋಗಿ. ಮೊಘಲ್ ಉದ್ಯಾನ ಎನ್ನುತ್ತಿದ್ದ ಅದಕ್ಕೆ ೨೦೨೩ರಿಂದ ಅಮೃತ ಉದ್ಯಾನವೆಂದು ಹೆಸರು. ಗುಲಾಬಿ ಸಾಲುಗಳನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು. ದರ್ಬಾರ್ ಹಾಲ್‌ಗೆ ೨೦೨೪ರಲ್ಲಿ ಗಣತಂತ್ರ ಮಂಟಪವೆಂದು ಹೆಸರಿಟ್ಟರು. ಅಲ್ಲಿ ವೈಸ್‌ರಾಯ್ ದಂಪತಿಗಳ ಸಿಂಹಾಸನವಿದ್ದ ಕಡೆ ಈಗ ಬುದ್ಧನ ವಿಗ್ರಹವಿದೆ. ಒಂದು ಗಳಿಗೆ ಅದರ ಮುಂದೆ ಸುಮ್ಮನೆ ನಿಲ್ಲಿ. ಜನರನ್ನು ದೂರ ಇಡಲೆಂದು ಕಟ್ಟಿದ ಮನೆಯೊಳಗೆ, ನಿಮ್ಮ ಕೈ ಹಿಡಿದ ಮಗು ‘ಇದು ಯಾರ ಮನೆ ಅಮ್ಮಾ?’ ಅಂತ ಕೇಳಿದರೆ, ‘ನಮ್ಮದೇ ಕಣೋ’ ಅನ್ನಿ.